ಕಚೇರಿ ಕರೆಂಟ್ ಬಿಲ್ಲಿಗೆ ಹವಾಮಾನದ ಲೆಕ್ಕ: ಇಲ್ಲೀತನಕ ಎಷ್ಟು ಆತು

ಧಾರವಾಡದಾಗ ನಮ್ಮ ಗೆಳೆಯಾ ಕೆಲಸ ಮಾಡೋ ಸರ್ಕಾರಿ ಕಚೇರಿದು ಹಳೇ ಹೆಸ್ಕಾಂ ಬಿಲ್ಲೆಲ್ಲಾ ಎಕ್ಸೆಲ್‌ಗೆ ಏರಿಸೋದು ಅಂತೂ ಮುಗೀತು. ಹವಾಮಾನ ನೋಡಿ ಯಾವ ತಿಂಗಳು ಎಷ್ಟು ಯುನಿಟ್ ಹೋಗಬೇಕು ಅಂತ ಮೊದ್ಲ ಅಂದಾಜು ಹಾಕೋದು, ಅದಕ್ಕಿಂತ ಜಾಸ್ತಿ ಬಂತಂದ್ರ ಎಲ್ಲಿ ಕರೆಂಟ್ ಸುಮ್ನ ಹಾಳಾಗಾಕತ್ತೈತಿ ಅಂತ ಹುಡುಕೋದು, ಇಷ್ಟ ಪ್ಲಾನು.

ಹವಾಮಾನದ ಡೇಟಾ ನಾಸಾ ಪವರ್ ಅನ್ನೋ ನಾಸಾದವ್ರ ವೆಬ್‌ಸೈಟಿಂದು. ಫ್ರೀ ಐತಿ, 1981ರಿಂದ ದಿನಾ ದಿನದ ಉಷ್ಣಾಂಶ ಸಿಗ್ತೈತಿ. ಡೇಟಾ ಇಲ್ಲದ ಕಡೆ -999 ಅಂತ ಬರದಿರ್ತಾರ, ಅದನ್ನ ತಗದ ಸರಾಸರಿ ಹಾಕ್ರಿ, ಇಲ್ಲಂದ್ರ ಧಾರವಾಡದಾಗ ಹಿಮ ಬಿದ್ದಿರ್ತೈತಿ 😄 ಅವ್ರು ನಕಾಶಿನ್ನ ಚೌಕ ಚೌಕ ಮಾಡಿ ಒಂದೊಂದು ಚೌಕಕ್ಕ ಒಂದ ಲೆಕ್ಕ ಕೊಡ್ತಾರ, ಒಂದೊಂದು ಚೌಕ ಅಕ್ಷಾಂಶ-ರೇಖಾಂಶದಾಗ 0.5 × 0.625 ಡಿಗ್ರಿ ದೊಡ್ಡದು, ಹಿಂಗಾಗಿ ಹುಬ್ಳಿ ಧಾರವಾಡ ಎರಡೂ ಒಂದ ಚೌಕದಾಗ ಬೀಳ್ತಾವ, ನಮ್ಮೂರು ತಂಪು ಅನ್ನೋ ಧಾರವಾಡದವ್ರ ಮಾತು ನಾಸಾದವ್ರಿಗೆ ಗೊತ್ತಿಲ್ಲ. ಗದಗ ಬ್ಯಾರೆ ಚೌಕ.

ಸೆಕಿ ಎಷ್ಟು ಅಂತ ಅಳಿಯಾಕ ಡಿಗ್ರಿ ಡೇ ಅನ್ನೋ ಲೆಕ್ಕ ಹಿಡದೇನಿ, ಅಂದ್ರ ದಿನದ ಸರಾಸರಿ ಉಷ್ಣಾಂಶ 29 ಇದ್ದು ನಾವು ಹಿಡದ ಗೆರಿ 24 ಇದ್ರ ಆ ದಿನದ ಲೆಕ್ಕ 5. ಅಮೆರಿಕದ ರೂಢಿ 18.3, ಅದನ್ನ ಇಲ್ಲಿ ಹಚ್ಚಿದ್ರ ವರ್ಷಪೂರ್ತಿ ಬ್ಯಾಸಗಿನ, ಉಪಯೋಗಿಲ್ಲ. ನಾ 24 ಹಿಡದೇನಿ, 2020ರಿಂದ ಸ್ಟಾರ್ ಲೇಬಲ್ ಎಸಿಗೋಳ ಡೀಫಾಲ್ಟೂ ಅಷ್ಟ ಐತಿ. ಹೊರಗಿನ ಸರಾಸರಿ ಬ್ಯಾರೆ, ರೂಮಿನ ಸೆಟ್ಟಿಂಗ್ ಬ್ಯಾರೆ, ಖರೆ, ಆದ್ರ ಶುರು ಮಾಡಾಕ ಸಾಕು.

ಬಿಲ್ಲು ಒಂದನೇ ತಾರೀಖಿನಿಂದ ಒಂದನೇ ತಾರೀಖಿಗೆ ಇರಂಗಿಲ್ಲ, ಹಿಂಗಾಗಿ ಒಂದು ರೀಡಿಂಗಿನಿಂದ ಮುಂದಿನ ರೀಡಿಂಗ್ ತನಕ ಡಿಗ್ರಿ ಡೇ ಕೂಡಿಸಬೇಕು, ಅದ್ರಾಗ ರವಿವಾರ, ಎರಡನೇ ನಾಲ್ಕನೇ ಶನಿವಾರ, ಹಬ್ಬದ ಸೂಟಿ ಎಲ್ಲಾ ಕಳೀಬೇಕು, ಬಾಗಲಾ ಹಾಕಿದ ಕಚೇರಿಗೆ ಎಂಥಾ ಎಸಿ. ಸೂಟಿ ಕಳದ ಮ್ಯಾಲ ಮಾರ್ಚಿಂದ ಮೇ ತನಕ ಗ್ರಾಫು ಚಲೋ ಕೂತು. ಜೂನ್-ಜುಲೈಕ್ಕ ಬಂದ್ರ ಪೂರಾ ತಪ್ಪಿ ಹೋತು. ಡಿಗ್ರಿ ಡೇ ಇಳದಾವ, ಯುನಿಟ್ ಅಷ್ಟು ಇಳದಿಲ್ಲ.

ಕಟ್ಟಡ ಹಳೇದು, ದಪ್ಪ ಕಲ್ಲಿನ ಗ್ವಾಡಿ, ಸಣ್ಣ ಕಿಟಕಿ. ಬ್ಯಾಸಗ್ಯಾಗ ತಂಪು ಇರ್ತೈತಿ, ಮಳಿಗಾಲದಾಗ ಮುಗಿಲು ಕವಿತಂದ್ರ ಒಳಗ ಕತ್ತಲು, ಮುಂಜಾನಿಂದ ಸಂಜಿತನಕ ಟ್ಯೂಬ್‌ಲೈಟ್ ಹಚ್ಚೇ ಇರ್ತಾರ. ಅದಕ್ಕ ಉಷ್ಣಾಂಶದ ಜೋಡಿ ಬಿಸಿಲಿನ ಡೇಟಾನೂ ಹಾಕಿದೆ, ಜುಲೈ ತಿಂಗಳ ಲೆಕ್ಕ ಭಾಳ ಹತ್ರ ಬಂತು. ಛಾವಣಿ ಮ್ಯಾಲ ಸೋಲಾರ್ ಹಾಕ್ಸೋ ಮಾತು ನಡದೈತಿ ಅಲ್ಲೆ, ಲೈಟ್ ಖರ್ಚು ಏರೋ ತಿಂಗಳಾಗ ಸೋಲಾರ್ ಇಳೀತೈತಿ, ಹಿಂಗಾಗಿ ಮೊದ್ಲ ಎಲ್‌ಇಡಿ ಹಾಕ್ರಿ ಅಂತ ಗೆಳೆಯಾಗ ಹೇಳೇನಿ. ಸಾಹೇಬ್ರ ಎಸಿ ಮ್ಯಾಲ ಎಲ್ಲಾರ ಕಣ್ಣು, ಲೈಟಿನ ಸುದ್ದಿ ಯಾರೂ ಎತ್ತಂಗಿಲ್ಲ.

ಬಿಸಿಲಿನ ಡೇಟಾದಾಗ ಒಂದು ತೊಡಕೈತಿ, ಅದರ ಚೌಕ ಒಂದು ಡಿಗ್ರಿದು, ಹುಬ್ಳಿ ಗದಗ ಎರಡೂ ಒಂದ. ಮಳಿಗಾಲದ ಮುಗಿಲು ಹಂಗ ಇರಂಗಿಲ್ರಿ. ಈಗ ಗದಗಿನ ಒಂದು ಕಚೇರಿ ಬಿಲ್ಲು ಕೇಳೇನಿ, ಬಂದ ಮ್ಯಾಲ ಇದ ಲೆಕ್ಕ ಅಲ್ಲಿ ಹಚ್ಚಿ ನೋಡ್ತೇನಿ. ಇಲ್ಲಿ ಲೈಟಿನ ಲೈನಿಗೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡದು ಕರೆಂಟ್ ಎಷ್ಟು ಹರೀತೈತಿ ಅಂತ ಅಳಿಯೋದು) ಹಿಡಿಯೋದು ಬಾಕಿ, ಎಲೆಕ್ಟ್ರಿಷಿಯನ್ ಬರೋ ದಿನ ಕಾಯಾಕತ್ತೇನಿ.