ದಾರ ಕಟ್ಟುವ ಮೊದಲು ನೆಲ ನೋಡಬೇಕು

ಟೈರಿನ ಮೇಲ್ಮೈಯನ್ನು ಅಂಗೈಯಿಂದ ಅಡ್ಡಲಾಗಿ ಸವರಿದಾಗ ಒಂದು ಕಡೆಗೆ ನುಣುಪಾಗಿಯೂ ಮರುಕಡೆಗೆ ಗರಗಸದ ಹಲ್ಲಿನಂತೆಯೂ ತಾಗಿದರೆ, ಆ ಚಕ್ರ ಉರುಳುವುದರ ಜೊತೆಗೆ ಅಡ್ಡಕ್ಕೂ ಉಜ್ಜಿಕೊಂಡು ಸಾಗುತ್ತಿದೆ ಎಂದು ತಿಳಿಯಬೇಕು. ಚಕ್ರವು ಸಾಗುವ ದಿಕ್ಕಿಗೆ ಕೇವಲ 0.1 ಡಿಗ್ರಿ ಓರೆಯಾಗಿದ್ದರೂ ಕಿಲೋಮೀಟರಿಗೆ ಸುಮಾರು 1.7 ಮೀಟರಿನಷ್ಟು ಅಡ್ಡ ಉಜ್ಜಾಟ ಅದರ ಪಾಲಿಗೆ ಬರುತ್ತದೆ. ನನ್ನ ಕಾರಿನ ಮುಂದಿನ ಟೈರುಗಳಲ್ಲಿ ಈ ಗರಗಸ ಕೈಗೆ ಸಿಕ್ಕಂದಿನಿಂದ ಚಕ್ರಗಳ ದಿಕ್ಕು ಮತ್ತು ವಾಲಿಕೆಯನ್ನು, ಅಂದರೆ ವೀಲ್ ಅಲೈನ್‌ಮೆಂಟನ್ನು ನಾನೇ ಅಳೆಯುತ್ತಿದ್ದೇನೆ.

ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ನೇರ ದಿಕ್ಕಿನಿಂದ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಅಳೆಯಲು ದಾರವೇ ಸಾಕು. ಕಾರಿನ ಎರಡೂ ಬದಿಯಲ್ಲಿ ಹಬ್ಬಿನ (ಚಕ್ರದ ನಡುಗುಂಬದ) ಎತ್ತರಕ್ಕೆ ದಾರ ಬಿಗಿದು, ಮುಂದಿನ ಎರಡು ಹಬ್ಬುಗಳಿಂದ ದಾರಕ್ಕಿರುವ ದೂರ ಪರಸ್ಪರ ಸಮವಾಗುವಂತೆ, ಹಾಗೆಯೇ ಹಿಂದಿನ ಎರಡರ ದೂರವೂ ಸಮವಾಗುವಂತೆ ಹೊಂದಿಸಬೇಕು; ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಗಲ ಸಾಮಾನ್ಯವಾಗಿ ಬೇರೆಯಾಗಿರುವುದರಿಂದ ನಾಲ್ಕನ್ನೂ ಒಂದೇ ಮಾಡಲು ಹೋಗಬಾರದು. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದಲೂ ಹಿಂದಿನ ಅಂಚಿನಿಂದಲೂ ದಾರಕ್ಕೆ ಅಳತೆ ಹಿಡಿಯಬೇಕು. ಮುಂದಿನ ಅಂಚಿನ ದೂರ ಹೆಚ್ಚಿದ್ದರೆ ಅದು ಟೋ-ಇನ್, ಅಂದರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿದೆ. ಸುಮಾರು 406 ಮಿಲಿಮೀಟರಿನ ರಿಮ್ಮಿನಲ್ಲಿ 1 ಮಿಲಿಮೀಟರ್ ವ್ಯತ್ಯಾಸವೆಂದರೆ 0.14 ಡಿಗ್ರಿ. ರಿಮ್ ತಾನೇ ಸ್ವಲ್ಪ ಡೊಂಕಾಗಿದ್ದರೆ ಈ 1 ಮಿಲಿಮೀಟರ್ ಸುಳ್ಳಾಗಬಹುದು. ಆದ್ದರಿಂದ ಕಾರನ್ನು ಚಕ್ರದ ಅರ್ಧ ಸುತ್ತಿನಷ್ಟು ತಳ್ಳಿ, ದಾರವನ್ನು ಮತ್ತೆ ಹೊಂದಿಸಿ, ಇನ್ನೊಮ್ಮೆ ಅಳೆದು ಸರಾಸರಿ ತೆಗೆಯುತ್ತೇನೆ.

ಇಷ್ಟೆಲ್ಲ ಸುಲಭದ ಭಾಗ. ನಾನು ಹೆಚ್ಚು ಹೊತ್ತು ಕಳೆಯುವುದು ನೆಲದ ಮೇಲೆ. ಚಕ್ರಗಳ ನಡುವೆ 1500 ಮಿಲಿಮೀಟರ್ ಅಗಲವಿರುವ ಕಾರಿನಲ್ಲಿ ಎಡ ಚಕ್ರದ ಕೆಳಗಿನ ನೆಲ ಬಲದ್ದಕ್ಕಿಂತ 5 ಮಿಲಿಮೀಟರ್ ತಗ್ಗಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಳತೆ ಒಂದು ಬದಿಯಲ್ಲಿ 0.19 ಡಿಗ್ರಿ ಹೆಚ್ಚಿ, ಇನ್ನೊಂದು ಬದಿಯಲ್ಲಿ ಅಷ್ಟೇ ಇಳಿಯುತ್ತದೆ. ಸರಿಯಾಗಿರುವ ಕಾರು ಎಡಬಲಗಳಲ್ಲಿ 0.38 ಡಿಗ್ರಿ ತಪ್ಪಿದಂತೆ ಕಾಣುತ್ತದೆ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನಾಲ್ಕೂ ಜಾಗಗಳ ಮಟ್ಟ ನೋಡಿ, ತಗ್ಗಿರುವಲ್ಲಿ ತೆಳು ಹಲಗೆ ಕೊಡುವುದೇ ಇದಕ್ಕೆ ಪರಿಹಾರ.

ಜ್ಯಾಕಿನಿಂದ ಇಳಿಸಿದ ಕೂಡಲೇ ಅಳೆಯುವುದೂ ಅಷ್ಟೇ ದೊಡ್ಡ ತಪ್ಪು. ಟೈರು ನೆಲವನ್ನು ಕಚ್ಚಿ ಹಿಡಿಯುವುದರಿಂದ ಚಕ್ರ ಹೊರಕ್ಕೆ ಸರಿಯಲಾರದು, ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಕೂರಲಾರದು. ಕಾರನ್ನು ಕೆಲವು ಮೀಟರ್ ಉರುಳಿಸಿ, ನಾಲ್ಕೂ ಮೂಲೆಗಳನ್ನು ಒತ್ತಿ ಬಿಟ್ಟ ಮೇಲಷ್ಟೇ ಅಳತೆಗೆ ಬೆಲೆ. ಸಸ್ಪೆನ್ಷನ್ನಿನ ಕೀಲುಗಳಾದ ಬಾಲ್ ಜಾಯಿಂಟ್ ಅಥವಾ ಬುಷ್ ಸಡಿಲವಿದ್ದರೆ ಅಳೆಯುವ ಮಾತೇ ಬೇಡ, ಮೊದಲು ಅದನ್ನು ಬದಲಿಸಬೇಕು.

ಕ್ಯಾಂಬರ್ ತಿದ್ದಿದರೆ ಟೋ ಬದಲಾಗುವುದರಿಂದ ಟೋ ಕೊನೆಗೆ ಬರುತ್ತದೆ, ಅದರಲ್ಲೂ ಹಿಂದಿನ ಚಕ್ರಗಳದ್ದು ಮೊದಲು. ಹಿಂದಿನವು ಒಂದು ಬದಿಗೆ ತಿರುಗಿದ್ದರೆ ಮುಂದಿನವು ಸರಿಯಿದ್ದರೂ ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿಯೇ ನಿಲ್ಲುತ್ತದೆ. ಸ್ಟೀರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ಟೈ ರಾಡುಗಳನ್ನು ಎರಡೂ ಬದಿಯಲ್ಲಿ ಸಮನಾಗಿ ತಿರುಗಿಸಿ ಲಾಕ್ ನಟ್ ಬಿಗಿಯುವಾಗ ರಾಡು ಕೂದಲೆಳೆಯಷ್ಟು ಜೊತೆಗೇ ತಿರುಗುವುದುಂಟು; ಹಾಗಾಗಿ ಬಿಗಿದ ನಂತರ ಕಾರನ್ನು ಮತ್ತೆ ಉರುಳಿಸಿ, ದಾರ ಹೊಂದಿಸಿ, ಮೊದಲಿನಿಂದ ಅಳೆಯುತ್ತೇನೆ.