ಕಾರ್ಡ್ ತೋರಿಸ್ತಿಲ್ಲ, ಯಾವ ಕಮಾಂಡ್ ಹೊಡೆಯಲಿ?

ಲಿನಕ್ಸ್‌ನಲ್ಲಿ ಮೈನಿಂಗ್ ರಿಗ್ (ಕ್ರಿಪ್ಟೋ ನಾಣ್ಯ ಗಳಿಸಲು ಹಲವು ಗ್ರಾಫಿಕ್ಸ್ ಕಾರ್ಡ್ ಹಾಕಿದ ಕಂಪ್ಯೂಟರ್) ಕಟ್ಟಿದವರೆಲ್ಲ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. ಆರು ಕಾರ್ಡ್ ಹಾಕಿದ್ದೇನೆ, ಐದೇ ಕಾಣ್ತಿದೆ, ಯಾವ ಕಮಾಂಡ್ ಹೊಡೆಯಲಿ? ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಯಾವ ಕಮಾಂಡೂ ಬೇಡ. ಸ್ವಿಚ್ ಆಫ್ ಮಾಡಿ, ಎದ್ದು ಹೋಗಿ, ತಂತಿಗಳನ್ನು ನೋಡಿ.

ಕಾರ್ಡ್ ಕಾಣ್ತಿಲ್ಲ ಅಂದರೆ ನನಗೆ ಬೇಜಾರಿಲ್ಲ. ಆ 'ಯಾವ ಕಮಾಂಡ್' ಅನ್ನೋ ಮಾತು ಕೇಳಿದರೆ ಮಾತ್ರ ಮೈ ಉರಿಯುತ್ತದೆ. ಕಮಾಂಡ್ ಅಂದರೆ ಮಂತ್ರ ಅಲ್ಲ. ಮದರ್‌ಬೋರ್ಡಿಗೇ ಕಾಣದ ಕಾರ್ಡನ್ನು ಅದು ಎಲ್ಲಿಂದ ತಂದುಕೊಡಬೇಕು?

ಸರಿ, ಒಂದು ಕಮಾಂಡ್ ಹೇಳುತ್ತೇನೆ: ಎಲ್‌ಎಸ್‌ಪಿಸಿಐ (lspci). ಬೋರ್ಡಿಗೆ ಯಾವ ಯಾವ ಕಾರ್ಡ್ ಕಂಡಿದೆ ಅಂತ ಅದು ಪಟ್ಟಿ ಕೊಡುತ್ತದೆ. ಅದರಲ್ಲಿ ಆರೂ ಕಾರ್ಡ್ ಇದ್ದು, ಮೈನರ್ ಪ್ರೋಗ್ರಾಮಿನಲ್ಲಿ ಮಾತ್ರ ಐದಿದ್ದರೆ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್ ಕಡೆ ನೋಡಿ. ಎನ್‌ವಿಡಿಯಾ ಕಾರ್ಡಾದರೆ ನೂವೋ ಅನ್ನೋ ಡ್ರೈವರ್ ಮೊದಲೇ ಬಂದು ಕೂತಿರಬಹುದು, ಅದನ್ನು ಬ್ಲಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದಂತೆ ತಡೆಯಿರಿ. ಎಲ್‌ಎಸ್‌ಪಿಸಿಐನಲ್ಲೇ ಇಲ್ಲ ಅಂದರೆ ಡ್ರೈವರನ್ನು ಹತ್ತು ಸಲ ಹಾಕಿದರೂ ಪ್ರಯೋಜನ ಇಲ್ಲ. ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಜಾಗ) ಹೋಗಿ 'ಅಬವ್ 4ಜಿ ಡಿಕೋಡಿಂಗ್' ಆನ್ ಮಾಡಿ. ಕಾರ್ಡುಗಳು ಜಾಸ್ತಿಯಾದರೆ ಎಷ್ಟೋ ಬೋರ್ಡುಗಳು ಇದಿಲ್ಲದೆ ಮುಂದೆ ಹೋಗುವುದಿಲ್ಲ. ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್) ವೇಗ ಆಟೋದಲ್ಲಿದ್ದರೆ ಜೆನ್ 1 ಅಥವಾ ಜೆನ್ 2ಕ್ಕೆ ಇಳಿಸಿ ನೋಡಿ. ಆಮೇಲೂ ಬರಲಿಲ್ಲವಾ? ಆ ಕಾರ್ಡನ್ನು ನೇರವಾಗಿ ಬೋರ್ಡಿನ ದೊಡ್ಡ ಸ್ಲಾಟಿಗೆ ಹಾಕಿ. ಅಲ್ಲಿ ಕೆಲಸ ಮಾಡಿದರೆ ಕಾರ್ಡ್ ಚೆನ್ನಾಗಿದೆ, ಕೆಟ್ಟಿರುವುದು ಕಾರ್ಡನ್ನು ಬೋರ್ಡಿಗೆ ಜೋಡಿಸುವ ರೈಸರ್ ಅಥವಾ ಅದಕ್ಕೆ ಹೋಗುವ ಕರೆಂಟು.

ಆರು ಕಾರ್ಡ್ ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಅವನ್ನು ಫ್ರೇಮಿನ ಮೇಲೆ ಕೂರಿಸಿ, ಸಣ್ಣ ರೈಸರ್ ಬೋರ್ಡ್ ಮೂಲಕ ಜೋಡಿಸುತ್ತಾರೆ. ಅದರ ಕೇಬಲ್ ನೋಡಲು ಯುಎಸ್‌ಬಿ ಕೇಬಲ್ಲೇ, ಆದರೆ ಅದರಲ್ಲಿ ಓಡುವುದು ಪಿಸಿಐಇ ಸಿಗ್ನಲ್. ಸ್ಲಾಟಿನ ಕರೆಂಟನ್ನು ರೈಸರಿಗೆ ಬೇರೆ ಪ್ಲಗ್ಗಿನಿಂದ ಕೊಡಬೇಕು.

ಆ ಪ್ಲಗ್ಗಿನಿಂದ ಏನಾಗಬಹುದು ಅಂತ ನಾನು ಕಣ್ಣಾರೆ ನೋಡಿದ್ದೇನೆ. 2021ರಲ್ಲಿ ಗೆಳೆಯನೊಬ್ಬ ಆರು ಕಾರ್ಡಿನ ರಿಗ್ ಕಟ್ಟಿದ್ದ. ಮೂರನೇ ಕಾರ್ಡ್ ಒಂದೆರಡು ಗಂಟೆ ಓಡುವುದು, ಆಮೇಲೆ ಮಾಯವಾಗುವುದು. ಲಿನಕ್ಸ್ ತನ್ನ ದೋಷಗಳನ್ನು ಬರೆದಿಡುವ ಡಿಮೆಸೇಜ್‌ನಲ್ಲಿ (dmesg) 'ಎಕ್ಸ್‌ಐಡಿ 79' ಅಂತ ಬರ್ತಿತ್ತು. ಓಡುತ್ತಿದ್ದ ಕಾರ್ಡಿನ ಜೊತೆ ಸಂಪರ್ಕ ತಪ್ಪಿದೆ ಅಂತ ಡ್ರೈವರ್ ಹೇಳುವ ರೀತಿ ಅದು. ಅವನು ಡ್ರೈವರ್ ಬದಲಾಯಿಸಿದ. ಓಎಸ್ಸನ್ನೇ ಎರಡು ಸಲ ಹೊಸದಾಗಿ ಹಾಕಿದ. ಮೂರು ರಾತ್ರಿ ಫೋನ್ ಮಾಡಿ ಯಾವ ಕಮಾಂಡ್ ಅಂತ ಕೇಳಿದ. ನಾಲ್ಕನೇ ದಿನ ನಾನೇ ಹೋದೆ.

ಬಾಗಿಲು ತೆಗೆಯುತ್ತಿದ್ದಂತೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಮೂರನೇ ರೈಸರಿನ ಸಾಟಾ ಪ್ಲಗ್ ಕಂದು ಬಣ್ಣಕ್ಕೆ ತಿರುಗಿ, ಕರಗಿ ಅಂಟಿಕೊಂಡಿತ್ತು. ಎಳೆದರೂ ಬರಲಿಲ್ಲ. ಅವನು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ, "ಪಕ್ಕದ ರೂಮಲ್ಲೇ ಪಾಪು ಮಲಗ್ತಿತ್ತು ಕಣೋ" ಅಂದ.

ಸಾಟಾ ಪ್ಲಗ್ ಇರುವುದು ಹಾರ್ಡ್ ಡಿಸ್ಕಿಗೆ. ಅದರಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವಾಟ್. ಗ್ರಾಫಿಕ್ಸ್ ಕಾರ್ಡ್ ಸ್ಲಾಟಿನಿಂದ 75 ವಾಟ್‌ವರೆಗೂ ಎಳೆಯಬಹುದು. ಅದೂ ಹಗಲು ರಾತ್ರಿ, ಬಿಡುವಿಲ್ಲದೆ. ಅಂಥದ್ದರಲ್ಲಿ ಎಷ್ಟೋ ರೈಸರುಗಳ ಡಬ್ಬಿಯಲ್ಲೇ ಸಾಟಾ ಅಡಾಪ್ಟರ್ ಇಟ್ಟು ಮಾರುತ್ತಾರೆ. ಡಬ್ಬಿಯಲ್ಲಿ ಬಂದಿದೆ ಅಂದರೆ ಸರಿಯಾಗೇ ಇರುತ್ತದೆ ಅಂತ ಜನ ನಂಬುತ್ತಾರೆ. ನಂಬದೆ ಏನು ಮಾಡುತ್ತಾರೆ, ಅಲ್ವಾ? ನನ್ನ ಸಿಟ್ಟೆಲ್ಲ ಇರುವುದು ಅಲ್ಲಿ.

'ಈ ತಂತಿ ಎಷ್ಟು ವಾಟ್ ತಡೆಯುತ್ತೆ?' ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಖುಷಿಯಿಂದ ಇಡೀ ದಿನ ಕೂತು ಹೇಳುತ್ತಿದ್ದೆ. 6 ಪಿನ್ ಪ್ಲಗ್ 75 ವಾಟಿಗೆ, 8 ಪಿನ್ 150 ವಾಟಿಗೆ. ರೈಸರಿಗೆ ಪವರ್ ಸಪ್ಲೈಯಿಂದಲೇ ಬರುವ 6 ಪಿನ್ ಕೇಬಲ್ ಕೊಡಿ. ಕಾರ್ಡ್ ಮತ್ತು ಅದರ ರೈಸರ್ ಎರಡಕ್ಕೂ ಒಂದೇ ಪವರ್ ಸಪ್ಲೈ ಇರಲಿ. ಬೇರೆ ಸಪ್ಲೈಯಿಂದ ಕಿತ್ತ ಕೇಬಲನ್ನು ಇದಕ್ಕೆ ಸಿಕ್ಕಿಸಬೇಡಿ. ಪ್ಲಗ್ ಸರಿಯಾಗಿ ಕೂತರೂ ಸಪ್ಲೈ ಕಡೆಯ ಪಿನ್ನುಗಳ ಜೋಡಣೆ ಬೇರೆ ಇರಬಹುದು. ಕಾರ್ಡೇ ಸುಟ್ಟುಹೋಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಅನ್ನೋ ಕ್ರಿಪ್ಟೋ ಜಾಲ ಮೈನಿಂಗನ್ನೇ ಕೈಬಿಟ್ಟಿತಲ್ಲ, ಇನ್ನು ಈ ಫೋನುಗಳು ನಿಲ್ಲುತ್ತವೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಆ ಹಳೇ ರಿಗ್‌ಗಳನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರು ಫೋನ್ ಮಾಡುತ್ತಾರೆ. ಅದೇ ರೈಸರು, ಅದೇ ಸಾಟಾ ಅಡಾಪ್ಟರು.

ಇನ್ನೂ ಕೇಳುವುದಿದ್ದರೆ ಕೇಳಿ. ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ. ಎಲ್‌ಎಸ್‌ಪಿಸಿಐನಲ್ಲಿ ಎಷ್ಟು ಕಾರ್ಡ್ ಬಂತು ಹೇಳಿ, ಒಂದೊಂದು ರೈಸರಿಗೂ ಯಾವ ಪ್ಲಗ್ ಹಾಕಿದ್ದೀರಿ ಅಂತ ಫೋಟೋ ಕಳಿಸಿ. ಸಾಟಾ ಹಾಕಿದ್ದರೆ ಫೋಟೋ ಆಮೇಲೆ ಕಳಿಸಿ, ಮೊದಲು ಸ್ವಿಚ್ ಆಫ್ ಮಾಡಿ.