ಸಣ್ಣ ಎರಡು, ಸಣ್ಣ ಮೂರು

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮೂರಲ್ಲಿ ಒಂದು ಸಣ್ಣ ವಾಚನಾಲಯ ಇದೆ. ವರ್ಷಕ್ಕೊಮ್ಮೆ ಅಲ್ಲಿ ತಾಳಮದ್ದಳೆ. ಆಮಂತ್ರಣ ಬರೆಯುವವರು ನನಗೆ ಏಳನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದ ಮಾಷ್ಟ್ರು. ಊರು ಬಿಟ್ಟವರಿಗೆ ಅದನ್ನು ಈಮೇಲ್ ಮಾಡುವವಳು ನಾನು. ಮುಂಬೈ, ಬೆಂಗಳೂರು, ಮಸ್ಕತ್ ಎಲ್ಲ ಸೇರಿ 140 ವಿಳಾಸ.

ಎರಡು ವರ್ಷದ ಹಿಂದೆ ನಾನೇ ಒಂದು ಪಿಎಚ್‌ಪಿ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂ ಬರೆದು ಎಲ್ಲರಿಗೂ ಕಳಿಸಿದೆ. ಅರ್ಧ ಗಂಟೆಯಲ್ಲಿ ಮಾಷ್ಟ್ರ ಫೋನ್. "ಅಲ್ಲ ಮಾರಾಯ್ತಿ, ನಾನು ಬರೆದದ್ದು ಇದಲ್ಲವಲ್ಲ?" ಸ್ವರದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ಅವರ ಮನೆಗೆ ಹೋಗಿ ನೋಡಿದೆ. ಪರದೆ ತುಂಬ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ 'ಎ'. ಒಂದೊಂದರ ಪಕ್ಕದಲ್ಲೂ ಸಣ್ಣ 2, ಇಲ್ಲವೇ ಸಣ್ಣ 3.

ಅದು ಕನ್ನಡವೇ. ಕಂಪ್ಯೂಟರು ಎಲ್ಲ ಭಾಷೆಗಳ ಅಕ್ಷರಗಳನ್ನೂ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ಆ ಮೂರನ್ನು ಬಿಡಿಬಿಡಿಯಾಗಿ ಯುರೋಪಿನ ಅಕ್ಷರ ಅಂತ ಓದಿದರೆ ಹೀಗಾಗುತ್ತದೆ. ವ್ಯಂಜನಗಳ ಹತ್ತಿರ ಸಣ್ಣ 2 ಬರುತ್ತದೆ. ಕೊಂಬು, ಏತ್ವ, ಒತ್ತಕ್ಷರದ ಒಳಗಿನ ಹಲಂತ ಇದ್ದಲ್ಲಿ ಸಣ್ಣ 3.

ಈಮೇಲ್ ಕಳಿಸಲು ನಾನು ಬಳಸಿದ್ದು ಪಿಎಚ್‌ಪಿಮೇಲರ್. 2001ರಲ್ಲಿ ಬ್ರೆಂಟ್ ಮ್ಯಾಟ್ಜೆಲ್ ಶುರು ಮಾಡಿದ ಓಪನ್ ಸೋರ್ಸ್ ಲೈಬ್ರರಿ, ಅಂದರೆ ಯಾರು ಬೇಕಾದರೂ ತೆರೆದು ನೋಡಿ ಬಳಸಬಹುದಾದ ಸಿದ್ಧ ಕೋಡ್. ಆಮೇಲೆ ಮಾರ್ಕಸ್ ಬಾಯಿಂಟನ್ ಮತ್ತಿತರರು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ. ನಾವೇನೂ ಹೇಳದಿದ್ದರೆ ಅದು ಪತ್ರದ ಮೇಲೆ ಐಎಸ್‌ಒ-8859-1 ಅಂತ, ಅಂದರೆ ಇದು ಪಶ್ಚಿಮ ಯುರೋಪಿನ ಅಕ್ಷರ ಅಂತ, ಬರೆಯುತ್ತದೆ. ಕ್ಯಾರಕ್ಟರ್ ಸೆಟ್ ಯುಟಿಎಫ್-8 ಅಂತ ಒಂದು ಸಾಲು ನಾವೇ ಸೇರಿಸಬೇಕು. ನಾನು ಸೇರಿಸಿರಲಿಲ್ಲ. ಸೇರಿಸಿದ ಕೂಡಲೇ ಸರಿಯಾಯಿತು.

ಆದರೆ ನನ್ನ ಮನಸ್ಸು ನಿಂತದ್ದು ಸಬ್ಜೆಕ್ಟ್ ಸಾಲಿನಲ್ಲಿ. ಈಮೇಲಿನ ತಲೆಬರಹಗಳು ಹುಟ್ಟಿದ್ದೇ ಇಂಗ್ಲಿಷ್ ಅಕ್ಷರಗಳಿಗಾಗಿ. ಅಲ್ಲಿ ಕನ್ನಡ ಹೋಗಬೇಕಾದರೆ ಬೈಟುಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ಬೇಸ್64ನಂಥ ಒಂದು ವೇಷ ಹಾಕಬೇಕು. 'ತಾಳಮದ್ದಳೆ' ಅಂದರೆ ಅಕ್ಷರ, ಚಿಹ್ನೆ ಎಲ್ಲ ಸೇರಿ ಒಂಬತ್ತು ಸಂಕೇತ, 27 ಬೈಟ್, ವೇಷ ಹಾಕಿದ ಮೇಲೆ 36 ಅಕ್ಷರ. ಹೀಗೆ ವೇಷ ಹಾಕಿದ ಒಂದು ತುಂಡು, ಹಿಂದೆ ಮುಂದೆ ಬರುವ ಗುರುತೂ ಸೇರಿ, 75 ಅಕ್ಷರ ಮೀರಬಾರದು ಅಂತ ಆರ್‌ಎಫ್‌ಸಿ 2047 ಅನ್ನುವ ಈಮೇಲ್ ನಿಯಮಪತ್ರದಲ್ಲಿದೆ. ಹಾಗಾಗಿ ಒಂದು ತುಂಡಿನಲ್ಲಿ ನಮ್ಮ 15 ಸಂಕೇತ ಹಿಡಿಸಿದರೆ ಜಾಸ್ತಿ. ಉದ್ದ ಇದ್ದರೆ ಕತ್ತರಿಸಲೇಬೇಕು. ಮೂರು ಬೈಟಿನ ನಡುವೆ ಕತ್ತರಿ ಬಿದ್ದರೆ ಆ ಅಕ್ಷರ ಹೋಯಿತು ಅಂತಲೇ ಲೆಕ್ಕ.

ಕೋಡ್ ತೆರೆದು ನೋಡಿದೆ. ಅಕ್ಷರದ ನಡುವೆ ಕತ್ತರಿ ಬೀಳದಂತೆ ನೋಡಿಕೊಳ್ಳುವುದಕ್ಕೇ ಅದರಲ್ಲಿ ಬೇರೆ ಒಂದು ಫಂಕ್ಷನ್ ಇದೆ! ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾವು ಮಲಯಾಳದಲ್ಲಿ ಮಂಜೇಶ್ವರ ಮಂಜೇಶ್ವರಂ ಆಗುವುದನ್ನು, ಕಾಸರಗೋಡು ಕಾಸರ್‌ಕೋಡ್ ಆಗುವುದನ್ನು ನೋಡುತ್ತಲೇ ಬೆಳೆದವರು. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ನಮಗೆ ತಾಗುತ್ತದೆ, ಅಲ್ವಾ? ಕೋಡ್ ಮುಚ್ಚಿಟ್ಟಿದ್ದರೆ ಇಷ್ಟು ಜಾಗ್ರತೆ ಯಾರೋ ಮಾಡಿದ್ದಾರೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮರುದಿನ ಮತ್ತೆ ಎಲ್ಲರಿಗೂ ಕಳಿಸಿದೆ. ಈ ಸಲ ಪ್ರತಿಯೊಬ್ಬರ ಹೆಸರನ್ನೂ ವಿಳಾಸದ ಸಾಲಿನಲ್ಲಿ ಕನ್ನಡದಲ್ಲೇ ಹಾಕಿದೆ. ಮಾಷ್ಟ್ರು ಕನ್ನಡಕ ಏರಿಸಿಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ಆಮೇಲೆ ನಾನು ಪಟ್ಟಿಯಲ್ಲಿ ತಪ್ಪಾಗಿ ಬರೆದಿದ್ದ ಮೂವರ ಹೆಸರು ತಿದ್ದಿ ಕೊಟ್ಟರು.